ಟರ್ಕಿ ಯುರೋಪ್ ಒಕ್ಕೂಟ ಸೇರುತ್ತಾ? ಆ ದಪ್ಪ ವರದಿಯನ್ನು ಹೀಗೆ ಓದಿ

ಸೋಮವಾರಪೇಟೆಯಲ್ಲಿ ಡಿಗ್ರಿ ಓದುವ ನನ್ನ ಅಕ್ಕನ ಮಗಳಿಗೆ ಸೆಮಿನಾರ್‌ಗೆ ಈ ವಿಷಯ ಬಂದಿತ್ತು. ಹೊರಗೆ ಮಳೆ, ಕರೆಂಟ್ ಇಲ್ಲ, ಇವಳು ಮೊಬೈಲ್‌ನಲ್ಲಿ, ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಟರ್ಕಿಯ ತಯಾರಿ ಬಗ್ಗೆ ಪ್ರತಿ ವರ್ಷ ಕೊಡುವ ವರದಿಯನ್ನು ಒಂದನೇ ಪುಟದಿಂದ ಓದುತ್ತಾ ಕೂತಿದ್ದಳು. ಹಾಗೆ ಓದಿದರೆ ನಿದ್ದೆ ಬರುತ್ತೆ ಮಾರಾಯ್ತಿ ಅಂದೆ.

ಮೊದಲು ಇಸವಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. 1987ರಲ್ಲಿ ಅರ್ಜಿ, 1999ರಲ್ಲಿ ಅಭ್ಯರ್ಥಿ ಸ್ಥಾನ, 2005ರಲ್ಲಿ ಮಾತುಕತೆ ಶುರು, 2018ರ ಹೊತ್ತಿಗೆ ಎಲ್ಲ ಸ್ತಬ್ಧ. ಮಾತುಕತೆಯನ್ನು ವಿಷಯವಾರು 35 ಅಧ್ಯಾಯಗಳಾಗಿ ಹಂಚಿದ್ದಾರೆ, ವರದಿಯೂ ಅದೇ ಅಧ್ಯಾಯಗಳ ಪ್ರಕಾರ ಇರುತ್ತೆ. ಅವುಗಳಲ್ಲಿ ಚರ್ಚೆಗೆ ತೆರೆದದ್ದು 16, ಮುಗಿದದ್ದು ಒಂದೇ, ಅದೂ ತಾತ್ಕಾಲಿಕವಾಗಿ.

ಆಮೇಲೆ ಸೀದಾ 23ನೇ ಅಧ್ಯಾಯಕ್ಕೆ ಹೋಗಿ. ನ್ಯಾಯಾಂಗ, ಮೂಲಭೂತ ಹಕ್ಕು ಎಲ್ಲ ಅಲ್ಲಿದೆ. ತಮಾಷೆ ಅಂದ್ರೆ, ಮಾತುಕತೆಯಲ್ಲಿ ಈ ಅಧ್ಯಾಯವನ್ನು ತೆರೆಯಲೇ ಇಲ್ಲ, ಒಕ್ಕೂಟದ ಸದಸ್ಯ ದೇಶವಾದ ಸೈಪ್ರಸ್ 2009ರಲ್ಲಿ ಅಡ್ಡ ಹಾಕಿತು. ಹಾಗಾಗಿ ಹಕ್ಕಿನ ವಿಷಯ ಒಂದರಿಂದಲೇ ಅರ್ಜಿ ನಿಂತಿದೆ ಅಂತ ಬರೆದುಬಿಡಬೇಡಿ.

ಪ್ರತಿ ಅಧ್ಯಾಯಕ್ಕೂ ಎರಡು ಥರದ ಮಾರ್ಕ್ಸ್ ಇರುತ್ತೆ: ಒಟ್ಟು ತಯಾರಿ ಎಷ್ಟು, ಈ ವರ್ಷ ಮುಂದೆ ಹೋಯಿತಾ ಹಿಂದೆ ಬಂತಾ. ಎರಡನ್ನೂ ಕಲಸಬೇಡಿ.

ಈಗ ಮುಖ್ಯವಾದದ್ದು. ನಮ್ಮಲ್ಲಿ ಕಾಫಿ ಚೆರ್ರಿ ಮಾರುವಾಗ ಮೂಟೆಯ ತೂಕ ಮಾತ್ರ ನೋಡಿ ರೇಟ್ ಹಾಕಲ್ಲ, ಸ್ಯಾಂಪಲ್‌ನ ಸಿಪ್ಪೆ ಬಿಡಿಸಿ ಓಟಿ, ಅಂದರೆ ಒಳಗಿನ ಬೀಜದ ಪಾಲು, ಎಷ್ಟು ಬಂತು ಅಂತ ನೋಡುತ್ತಾರೆ ಅಲ್ವಾ? ಕಾನೂನನ್ನೂ ಹಾಗೇ, ಪುಸ್ತಕದಲ್ಲಿ ಏನಿದೆ ಅಂತ ಮಾತ್ರ ಅಲ್ಲ, ನಿಜವಾಗಿ ಏನು ನಡೆಯಿತು ಅಂತ ನೋಡಿ. ಟರ್ಕಿ 2004ರಲ್ಲಿ ಮರಣದಂಡನೆಯನ್ನು ಪೂರ್ತಿ ತೆಗೆದು ಹಾಕಿತು, ಅದು ನಿಜವಾದ ಬದಲಾವಣೆ. ಆದರೆ ಟರ್ಕಿಯ ಉದ್ಯಮಿ, ಸಾಮಾಜಿಕ ಕಾರ್ಯಕರ್ತ ಉಸ್ಮಾನ್ ಕವಾಲಾ ಕೇಸ್ ಬಿಡಿಸಿ ನೋಡಿ. 2017ರಲ್ಲಿ ಬಂಧನ. 2019ರಲ್ಲಿ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯ ಅವರನ್ನು ಬಿಡಿ ಅಂದಿತು. ಬಿಡಲಿಲ್ಲ, 2022ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟರು. ಇಂಥ ಒಂದು ಕೇಸ್ ಕೈಯಲ್ಲಿದ್ದರೆ ಹತ್ತು ಪುಟ ಸುಮ್ನೆ ಓದುವುದು ತಪ್ಪುತ್ತೆ.

ಹಾಂ, ಆ ನ್ಯಾಯಾಲಯ ಯುರೋಪ್ ಒಕ್ಕೂಟದ್ದಲ್ಲ. ಅದು 46 ದೇಶಗಳ ಯುರೋಪ್ ಮಂಡಳಿಯದ್ದು, ಟರ್ಕಿ ಅದರ ಹಳೇ ಸದಸ್ಯ. ನಮ್ಮ ಹುಡುಗಿಯೂ ಮೊದಲು ಇಲ್ಲೇ ಎಡವಿದ್ದಳು.

ಕೊನೆಗೆ ವರದಿಗೆ ಟರ್ಕಿ ವಿದೇಶಾಂಗ ಇಲಾಖೆ ಕೊಡುವ ಉತ್ತರವನ್ನೂ ಹುಡುಕಿ ಓದಿ. ಚಿಕ್ಕದೇ ಇರುತ್ತೆ, ಸಿಟ್ಟೂ ಇರುತ್ತೆ.