ಕೊಲಾಜನ್ ಡಬ್ಬಿ ಕೊಳ್ಳುವ ಮೊದಲು

"ಅಕ್ಕಾ, ಇದನ್ನ ಕುಡಿದ್ರೆ ಮಂಡಿ ನೋವೂ ಹೋಗುತ್ತೆ, ಮಸಲ್ಲೂ ಬರುತ್ತಂತೆ. ನಿಜಾನಾ?" ಜಿಮ್‌ನಲ್ಲಿ ನನ್ನ ಪಕ್ಕ ಸ್ಕ್ವಾಟ್ ಮಾಡುವ ಹುಡುಗಿ ಕಳೆದ ವಾರ ಮೊಬೈಲ್‌ನಲ್ಲಿ ಕೊಲಾಜನ್ ಪುಡಿಯ ಡಬ್ಬಿ ತೋರಿಸಿ ಕೇಳಿದಳು. ಕೊಲಾಜನ್ ಅಂದರೆ ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿ ಇರುವ ಒಂದು ಪ್ರೋಟೀನ್. ಎರಡು ವರ್ಷದ ಹಿಂದೆ ನನಗೂ ಇದೇ ಪ್ರಶ್ನೆ ಇತ್ತು. ಮಂಡಿಚಿಪ್ಪಿನ ಕೆಳಗೆ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು. ಮೆಟ್ಟಿಲು ಇಳಿಯುವಾಗ ಚುಳ್ ಅನ್ನುತ್ತಿತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಸಲ್ ಬೇಕು ಅಂತಾದರೆ ಕೊಲಾಜನ್ ಕೊಳ್ಳಬೇಡಿ. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವುದು ಲ್ಯೂಸಿನ್ ಅನ್ನುವ ಅಮೈನೊ ಆಮ್ಲ, ಅಂದರೆ ಪ್ರೋಟೀನಿನ ಒಂದು ಘಟಕ. ಹಾಲಿನಿಂದ ತೆಗೆಯುವ ವೇ ಪ್ರೋಟೀನ್‌ನ 25 ಗ್ರಾಂನಲ್ಲಿ ಅದು ಸುಮಾರು ಎರಡೂವರೆ ಗ್ರಾಂ ಇರುತ್ತದೆ. ಅಷ್ಟೇ ಕೊಲಾಜನ್‌ನಲ್ಲಿ ಒಂದು ಗ್ರಾಂ ಕೂಡ ಇರುವುದಿಲ್ಲ. ಟ್ರಿಪ್ಟೊಫಾನ್ ಅನ್ನುವ ಇನ್ನೊಂದು ಅಗತ್ಯ ಅಮೈನೊ ಆಮ್ಲ ಅಂತೂ ಇಲ್ಲವೇ ಇಲ್ಲ. ಹಾಗಾಗಿ ಡಬ್ಬಿಯ ಮೇಲೆ ಪ್ರೋಟೀನ್ ಎಷ್ಟೇ ಬರೆದಿರಲಿ, ದಿನದ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ. ವಯಸ್ಸಾದ ಗಂಡಸರಿಗೆ 12 ವಾರ, ದಿನಕ್ಕೆ 15 ಗ್ರಾಂ ಕೊಟ್ಟು ಮಾಡಿದ 2015ರ ಅಧ್ಯಯನವನ್ನು ಮಾರುವವರು ತೋರಿಸುತ್ತಾರೆ. ಅವರಿಗೆ ಸ್ನಾಯು ಜಾಸ್ತಿ ಆಗಿದ್ದು ನಿಜ. ಆದರೆ ಹೋಲಿಕೆಯ ಗುಂಪಿಗೆ ಕೊಟ್ಟಿದ್ದು ಪ್ರೋಟೀನೇ ಇಲ್ಲದ ಪುಡಿ. ಅದನ್ನು ಯಾರೂ ಹೇಳುವುದಿಲ್ಲ, ಅಲ್ವಾ?

ನಾನು 250 ಗ್ರಾಂ ಡಬ್ಬಿಗೆ 1,400 ರೂಪಾಯಿ ಕೊಟ್ಟೆ. ಹದಿನಾರು ದಿನಕ್ಕೆ ಖಾಲಿ. ಮೊಟ್ಟೆಗೆ ಏಳು ರೂಪಾಯಿ ಅಂದರೂ ಅದೇ ದುಡ್ಡಿಗೆ 200 ಮೊಟ್ಟೆ ಬರುತ್ತವೆ.

ನನ್ನ ಹಾಗೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜು, ಅಂದರೆ ಟೆಂಡನ್, ನೋಯುತ್ತಿದ್ದರೆ ಮಾತು ಸ್ವಲ್ಪ ಬೇರೆ. 2017ರಲ್ಲಿ ಎಂಟು ಗಂಡಸರಿಗೆ ವಿಟಮಿನ್ ಸಿ ಬೆರೆಸಿದ 15 ಗ್ರಾಂ ಜೆಲಾಟಿನ್ (ಕೊಲಾಜನ್‌ನಿಂದಲೇ ಮಾಡುವ ಪುಡಿ) ಕೊಟ್ಟು, ಒಂದು ಗಂಟೆಯ ನಂತರ ಆರು ನಿಮಿಷ ಸ್ಕಿಪ್ಪಿಂಗ್ ಮಾಡಿಸಿದರು. ದೇಹ ಹೊಸ ಕೊಲಾಜನ್ ಮಾಡುತ್ತಿದೆ ಅನ್ನುವ ಗುರುತು ರಕ್ತದಲ್ಲಿ ದುಪ್ಪಟ್ಟಾಯಿತು. ಎಂಟೇ ಜನ, ಅದೂ ನೋವು ಕಡಿಮೆಯಾಯಿತೇ ಅಂತ ನೋಡಿದ್ದಲ್ಲ. ಹಾಗಾಗಿ ಕೈಯಲ್ಲಿ ದುಡ್ಡಿದ್ದರೆ ಮೂರು ತಿಂಗಳು ಪ್ರಯತ್ನಿಸಿ, ಇಲ್ಲದಿದ್ದರೆ ಬೇಸರ ಬೇಡ.

ತಗೊಳ್ಳುವವರು ವ್ಯಾಯಾಮಕ್ಕೆ ಒಂದು ಗಂಟೆ ಮೊದಲು 15 ಗ್ರಾಂ ತಗೊಳ್ಳಿ. ಜೊತೆಗೆ ಅರ್ಧ ಸೀಬೆಹಣ್ಣು ತಿಂದರೆ ವಿಟಮಿನ್ ಸಿ ಬೇಕಾದ್ದಕ್ಕಿಂತ ಜಾಸ್ತಿಯೇ ಸಿಗುತ್ತದೆ. ತಣ್ಣೀರಿಗೆ ಸುರಿದರೆ ನನ್ನ ಪುಡಿ ಲೋಟದ ಅಂಚಿಗೆ ಅಂಟಿಕೊಂಡು ಗಂಟಾಗುತ್ತಿತ್ತು. ಮೊದಲು ಎರಡು ಚಮಚ ಬಿಸಿನೀರಲ್ಲಿ ಕದಡಿ, ಆಮೇಲೆ ನೀರು ಸೇರಿಸಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಜೆಲಾಟಿನ್‌ನಲ್ಲೂ ಇರುವುದು ಅವೇ ಅಮೈನೊ ಆಮ್ಲಗಳು.

ಪುಡಿ ಕುಡಿದು ಸುಮ್ನೆ ಕೂತರೆ ಮಾತ್ರ ಏನೂ ಆಗುವುದಿಲ್ಲ. ಟೆಂಡನ್‌ಗೆ ಭಾರ ಬೀಳಬೇಕು. ನಾನು ಗೋಡೆಗೆ ಬೆನ್ನು ಒರಗಿಸಿ, ಕುರ್ಚಿಯಲ್ಲಿ ಕೂತ ಹಾಗೆ 45 ಸೆಕೆಂಡ್ ನಿಲ್ಲುತ್ತಿದ್ದೆ. ಐದು ಸಲ, ನಡುವೆ ಎರಡು ನಿಮಿಷ ಬಿಡುವು. ತೊಡೆ ನಡುಗುತ್ತಿತ್ತು, ಮಂಡಿ ಚುಚ್ಚುತ್ತಿರಲಿಲ್ಲ. ಕೆಲವು ವಾರದ ನಂತರ ಸ್ಕ್ವಾಟ್‌ನ ತೂಕ ಇಳಿಸಿ, ಮೂರು ಎಣಿಸುತ್ತಾ ಇಳಿದು, ಮೂರು ಎಣಿಸುತ್ತಾ ಏಳುವುದು. ಪ್ರತಿ ದಿನ ಮೆಟ್ಟಿಲು ಇಳಿಯುವಾಗಿನ ನೋವಿಗೆ ಹತ್ತಕ್ಕೆ ಎಷ್ಟು ಅಂತ ಅಂಕ ಬರೆದಿಟ್ಟೆ. ನಾಲ್ಕನೇ ತಿಂಗಳಿಗೆ ಆರು ಇದ್ದದ್ದು ಒಂದಕ್ಕೆ ಇಳಿಯಿತು. ಅದರಲ್ಲಿ ಪುಡಿ ಕುಡಿದದ್ದು ಮೊದಲ ಹದಿನಾರು ದಿನ ಮಾತ್ರ. ಮಂಡಿ ಊದಿಕೊಂಡರೆ, ಮಡಚಲು ಆಗದಿದ್ದರೆ ಫಿಸಿಯೊ ಹತ್ತಿರ ಹೋಗಿ.

ಆ ಹುಡುಗಿ ಸಸ್ಯಾಹಾರಿ. ಕೊಲಾಜನ್ ಮೀನು, ದನದ ಚರ್ಮ, ಮೂಳೆಗಳಿಂದ ಬರುತ್ತದೆ, ಗಿಡದಲ್ಲಿ ಇಲ್ಲ ಅಂದಾಗ ಮೊಬೈಲ್ ಒಳಗಿಟ್ಟಳು. ಈಗ ಇಬ್ಬರೂ ಒಂದೇ ಗೋಡೆಗೆ ಒರಗುತ್ತೇವೆ. ಸೆಕೆಂಡ್ ಎಣಿಸುವವಳು ಅವಳು.