ಸಭಾಪಾಲಕರ ಮನೆಯ ಆರೋಗ್ಯ ಭದ್ರತೆ: ಕೊಡಗಿನಲ್ಲಿ ನಾವು ಮಾಡಿಕೊಂಡ ಏರ್ಪಾಡು

ಸಭಾಪಾಲಕರ, ಅಂದರೆ ಚರ್ಚಿನ ಪಾದ್ರಿಯವರ, ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಭಾನುವಾರದ ಆರಾಧನೆಯ ನಂತರ ವಿಶೇಷ ಕಾಣಿಕೆ ಎತ್ತುವುದು ನಮ್ಮ ಕ್ರೈಸ್ತ ಸಭೆಗಳಲ್ಲಿ ಹಳೆಯ ರೂಢಿ. ಅದರ ಹಿಂದಿರುವ ಪ್ರೀತಿಯನ್ನು ಸಭಾಪಾಲಕನಾದ ನಾನು ಬಲ್ಲೆ, ಅದಕ್ಕೆ ಋಣಿಯೂ ಆಗಿದ್ದೇನೆ. ಆದರೆ ಆಸ್ಪತ್ರೆಯವರು ಮುಂಗಡ ಕೇಳುವುದು ರೋಗಿ ದಾಖಲಾಗುವ ಹೊತ್ತಿಗೆ. ಕಾಣಿಕೆ ಕೈಸೇರುವುದು ಅದೆಷ್ಟೋ ದಿನಗಳ ಮೇಲೆ. ಕಾಫಿ ತೋಟದ ಲೈನ್ ಮನೆಗಳಲ್ಲಿರುವ ಕೂಲಿಕಾರ ಕುಟುಂಬಗಳೇ ಹೆಚ್ಚಾಗಿರುವ ಸಭೆಯಲ್ಲಿ, ಅದರಲ್ಲೂ ಮಳೆಯಿಂದ ಕೆಲಸ ಕಡಿಮೆಯಾಗಿ ಅವರ ಮನೆಗಳೇ ಕಷ್ಟದಲ್ಲಿರುವ ಆಷಾಢದ ದಿನಗಳಲ್ಲಿ, ಸಭಾಪಾಲಕನ ಆಸ್ಪತ್ರೆ ಬಿಲ್ಲಿಗಾಗಿ ತಟ್ಟೆ ಹಿಡಿಯುವುದು ನ್ಯಾಯವೆಂದು ನನಗೆ ಎಂದೂ ಅನ್ನಿಸಿಲ್ಲ. ಆದ್ದರಿಂದ ನನ್ನ ಪತ್ನಿ ಮತ್ತು ನಾನು ಕೂಡಿ ಒಂದು ಏರ್ಪಾಡನ್ನು ಮಾಡಿಕೊಂಡೆವು. ಅದು ವರ್ಗಾವಣೆಯಾದರೂ, ನಾನು ನಿವೃತ್ತನಾದರೂ, ನಾನೇ ಇಲ್ಲವಾದರೂ ಮನೆಯವರನ್ನು ಕೈಬಿಡದಂತಿರಬೇಕು ಎಂಬುದೊಂದೇ ನಮ್ಮ ಅಳತೆಗೋಲಾಗಿತ್ತು.

ಮೊದಲು ಸರ್ಕಾರದ ಕಾರ್ಡ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಜಾರಿಗೆ ಬಂದಿತು. ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ) ಶೇ. 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಸಭಾಪಾಲಕರಲ್ಲಿ ಅನೇಕರ ಹೆಸರು ಇಂದಿಗೂ ಹುಟ್ಟೂರಿನ ತಂದೆಯ ಪಡಿತರ ಚೀಟಿಯಲ್ಲೇ ಇರುತ್ತದೆ, ಹೆಂಡತಿಯ ಹೆಸರು ತವರಿನ ಚೀಟಿಯಲ್ಲಿ, ಮಕ್ಕಳ ಹೆಸರು ಎಲ್ಲಿಯೂ ಇಲ್ಲ. ಕೊಡಗಿಗೆ ವರ್ಗವಾಗಿ ಬಂದ ಕೂಡಲೇ ನಾವು ಪ್ರತ್ಯೇಕ ಪಡಿತರ ಚೀಟಿ ಮಾಡಿಸಿ, ಆಧಾರ್ ವಿಳಾಸ ಬದಲಾಯಿಸಿ, ನಾಲ್ವರಿಗೂ ಕಾರ್ಡ್ ಮಾಡಿಸಿಕೊಂಡೆವು. ಈ ಯೋಜನೆಯಲ್ಲಿ ತುರ್ತು ಸಂದರ್ಭಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗುವಂತಿಲ್ಲ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನಮಗೆ ಅದು ಮಡಿಕೇರಿಯ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಯಲ್ಲಿ ದೊರೆಯುತ್ತದೆ. ತುರ್ತಿಲ್ಲದ ಕಾಯಿಲೆಯಾದರೆ ಮೈಸೂರಿಗೆ ಹೊರಡುವ ಮೊದಲು ಮಡಿಕೇರಿಗೆ ಹೋಗಿ ಬರುವುದನ್ನು ಯಾರೂ ಬಿಡಬಾರದು.

ಎರಡನೆಯದು ಗುಂಪು ವಿಮೆ. ಸೇವಕರ ಪರವಾಗಿ ಸಭಾಡಳಿತವೇ ಮಾಡಿಸುವ ಇಂಥ ವಿಮೆಯ ದೊಡ್ಡ ಅನುಕೂಲವೆಂದರೆ, ಸಾಮಾನ್ಯವಾಗಿ ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೂ ಕಾಯುವ ಅವಧಿಯಿಲ್ಲದೆ ರಕ್ಷಣೆ ಸಿಗುತ್ತದೆ. ಆದರೆ ಅದು ಸೇವೆಗೆ ಅಂಟಿಕೊಂಡಿರುವ ರಕ್ಷಣೆ. ಸೇವೆ ಮುಗಿದ ದಿನ, ಅಂದರೆ ಕಾಯಿಲೆಗಳು ಬರಲು ಆರಂಭಿಸುವ ವಯಸ್ಸಿನಲ್ಲಿ, ಅದೂ ಮುಗಿಯುತ್ತದೆ. ವೃದ್ಧ ತಂದೆತಾಯಿಗಳು ಬಹುತೇಕ ಅದರ ಹೊರಗೇ ಇರುತ್ತಾರೆ. ಆದ್ದರಿಂದ ಗುಂಪು ವಿಮೆ ಇದ್ದರೂ ಸ್ವಂತ ಹೆಸರಿನಲ್ಲಿ ಒಂದು ಕುಟುಂಬ ಪಾಲಿಸಿ ಇರಲೇಬೇಕೆಂದು ನಾನು ಕಿರಿಯ ಸಭಾಪಾಲಕರಿಗೆ ಒತ್ತಿ ಹೇಳುತ್ತೇನೆ. ಅದನ್ನು ಆರೋಗ್ಯವಾಗಿರುವಾಗಲೇ, ಸಾಧ್ಯವಾದರೆ ಮದುವೆಯಾದ ವರ್ಷವೇ ಮಾಡಿಸಬೇಕು. ಮೊದಲೇ ಇರುವ ಕಾಯಿಲೆಗಳಿಗೆ ಕಾಯಿಸಬಹುದಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ 4 ವರ್ಷದಿಂದ 3 ವರ್ಷಕ್ಕೆ ಇಳಿಸಿದೆ. ಹಾಗಿದ್ದರೂ 3 ವರ್ಷ ಸಣ್ಣ ಕಾಲವಲ್ಲ.

ಅರ್ಜಿ ತುಂಬುವಾಗ ಏಜೆಂಟರು ನನ್ನ ಪತ್ನಿಯ ಥೈರಾಯ್ಡ್ ಮಾತ್ರೆಯ ವಿಷಯ ಬರೆಯುವುದು ಬೇಡವೆಂದರು. ಬರೆದರೆ ಕಂತು (ಪ್ರೀಮಿಯಂ) ಹೆಚ್ಚಾದೀತು ಎಂಬುದು ಅವರ ಕಾಳಜಿ. "ನಾವು ದಿನವೂ ನುಂಗುವ ಮಾತ್ರೆ, ಅದನ್ನು ಮುಚ್ಚಿಟ್ಟು ಸಹಿ ಹಾಕುವುದು ಹೇಗೆ?" ಎಂದು ಆಕೆಯೇ ಪೆನ್ನು ತೆಗೆದುಕೊಂಡು ಮಾತ್ರೆಯ ಹೆಸರು, ಪ್ರಮಾಣ, ಆರಂಭಿಸಿದ ವರ್ಷ ಎಲ್ಲವನ್ನೂ ಬರೆದಳು. ಧರ್ಮದ ಮಾತು ಒತ್ತಟ್ಟಿಗಿರಲಿ, ವ್ಯವಹಾರದ ದೃಷ್ಟಿಯಿಂದಲೂ ಅದೇ ಸರಿ: ಮುಚ್ಚಿಟ್ಟ ಕಾಯಿಲೆಯ ಕಾರಣಕ್ಕೆ ಕ್ಲೇಮ್ ತಿರಸ್ಕೃತವಾದರೆ ಉಳಿಸಿದ ಕಂತಿನ ಹತ್ತಾರು ಪಟ್ಟು ಹಣ ಕೈಯಿಂದ ಹೋಗುತ್ತದೆ.

ಪಾಲಿಸಿಯಲ್ಲಿ ನಾನು ಹೆಚ್ಚು ಹೊತ್ತು ಓದಿದ್ದು ಕೋಣೆ ಬಾಡಿಗೆಯ ಷರತ್ತನ್ನು. 3 ಲಕ್ಷದ ವಿಮೆಯಲ್ಲಿ ಕೋಣೆ ಬಾಡಿಗೆಗೆ ವಿಮಾ ಮೊತ್ತದ ಶೇ. 1ರ ಮಿತಿಯಿದ್ದರೆ ದಿನಕ್ಕೆ 3,000 ರೂಪಾಯಿ. 6,000 ರೂಪಾಯಿಯ ಕೋಣೆ ಹಿಡಿದರೆ ಕೋಣೆಯ ವ್ಯತ್ಯಾಸವಷ್ಟೇ ನಮ್ಮ ಮೇಲೆ ಬೀಳುವುದಿಲ್ಲ. ಬಾಡಿಗೆ ಮಿತಿಯ ಎರಡರಷ್ಟಾದ್ದರಿಂದ, ಅದೇ ಅನುಪಾತದಲ್ಲಿ ಶಸ್ತ್ರವೈದ್ಯರ ಶುಲ್ಕ, ಶುಶ್ರೂಷೆ, ಆಪರೇಷನ್ ಥಿಯೇಟರಿನ ಶುಲ್ಕಗಳಲ್ಲೂ ಅರ್ಧ ಕಡಿತವಾಗಬಹುದು. ನನ್ನ ಪತ್ನಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಆಗಬೇಕಾದಾಗ, ಸಭೆಯ ಹಿರಿಯರೊಬ್ಬರು "ಅಯ್ಯನವರೇ, ಅಮ್ಮನವರಿಗೆ ಒಳ್ಳೆಯ ಕೋಣೆಯನ್ನೇ ಹಿಡಿಯಿರಿ, ನಾವಿದ್ದೇವೆ" ಎಂದು ಮನಸಾರೆ ಹೇಳಿದ್ದರು. ನಾನು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅವರೇ ಇಬ್ಬರು ಹಂಚಿಕೊಳ್ಳುವ ಕೋಣೆ ಸಾಕೆಂದರು. ಪಿತ್ತಕೋಶದ ಕಲ್ಲಿಗೆ ಅನೇಕ ಪಾಲಿಸಿಗಳಲ್ಲಿ 2 ವರ್ಷದ ಕಾಯುವಿಕೆ ಇರುತ್ತದೆ. ನಮ್ಮದು ಅದನ್ನು ದಾಟಿತ್ತು. ಆಸ್ಪತ್ರೆಯ ವಿಮಾ ವಿಭಾಗದಲ್ಲಿ ಮುಂಚಿತವಾಗಿ ಅರ್ಜಿ ಕೊಟ್ಟಿದ್ದರಿಂದ ದಾಖಲಾಗುವ ದಿನ ಒಪ್ಪಿಗೆ ಬಂದಿತ್ತು. ಕೈಗವಸು ಮೊದಲಾದ ಸಣ್ಣಪುಟ್ಟ ಬಾಬ್ತುಗಳಿಗೆ ಮಾತ್ರ ನಾವು ಹಣ ಕಟ್ಟಿ ಬಂದೆವು.

ನಗದುರಹಿತ ಆಸ್ಪತ್ರೆಗಳ, ಅಂದರೆ ವಿಮಾ ಕಂಪನಿಯೇ ನೇರವಾಗಿ ಬಿಲ್ಲು ಕಟ್ಟುವ ಆಸ್ಪತ್ರೆಗಳ, ಪಟ್ಟಿಯನ್ನು ನೋಡುವಾಗ ಕೊಡಗಿನವರು ರಸ್ತೆಯನ್ನೂ ನೋಡಬೇಕು. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಬಳಿ ಗುಡ್ಡ ಕುಸಿದು ಮಂಗಳೂರಿನ ಹೆದ್ದಾರಿ ಮುಚ್ಚಿಹೋಯಿತು. ಜಿಲ್ಲೆಗೆ ರೈಲಿಲ್ಲ. ಹಾಗಾಗಿ ಮಂಗಳೂರಿನಲ್ಲಿ ಎಷ್ಟೇ ಒಳ್ಳೆಯ ಆಸ್ಪತ್ರೆಗಳು ಪಟ್ಟಿಯಲ್ಲಿದ್ದರೂ, ಮೈಸೂರಿನ ಕಡೆಯ ಒಂದೆರಡಾದರೂ ಇರುವ ಕಂಪನಿಯನ್ನೇ ನಾವು ಆರಿಸಿಕೊಂಡೆವು. ಕಂತಿನ ದಿನವನ್ನೂ ಹೀಗೆಯೇ ಯೋಚಿಸಿ ಮಾರ್ಚ್‌ಗೆ ಇಟ್ಟುಕೊಂಡೆವು; ಆ ಹೊತ್ತಿಗೆ ಕಾಫಿ ಕೊಯ್ಲು ಮುಗಿದು, ಜನರ ಕೈಯಲ್ಲಿ ಹಣವಿದ್ದು, ಸಭೆಯ ಖಜಾನೆಯೂ ಸ್ವಲ್ಪ ತುಂಬಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18ರ ಜಿಎಸ್‌ಟಿ ರದ್ದಾಗಿರುವುದು ನಮ್ಮಂಥ ಮನೆಗಳಿಗೆ ದೊಡ್ಡ ಉಪಕಾರ.

ಸಭಾ ಸಮಿತಿಯೊಂದಿಗೆ ಮಾತನಾಡುವುದು ಇವೆಲ್ಲಕ್ಕಿಂತ ಕಷ್ಟವಾಗಿತ್ತು, ಏಕೆಂದರೆ ಸಭಾಪಾಲಕನು ತನ್ನ ಮನೆಯ ವಿಷಯ ಎತ್ತಿದರೆ ಹಣದಾಸೆ ಎಂದು ತಿಳಿಯುವವರಿದ್ದಾರೆ. ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯವನ್ನು ನಾನು ಸಮಿತಿಯ ಮುಂದೆ ಓದಿದೆ. ತನ್ನ ಮನೆಯವರನ್ನು ಸಂರಕ್ಷಿಸದವನು ನಂಬಿಕೆಯನ್ನೇ ಅಲ್ಲಗಳೆದವನೆಂದು 8ನೆಯ ವಚನ ಸಭಾಪಾಲಕನಿಗೆ ಹೇಳುತ್ತದೆ. ದುಡಿಯುವವನಿಗೆ ಕೂಲಿ ಸಲ್ಲಬೇಕೆಂದು 18ನೆಯ ವಚನ ಸಭೆಗೆ ಹೇಳುತ್ತದೆ. ಹಾಗಾದರೆ ಕಂತನ್ನು ಇಬ್ಬರೂ ಹಂಚಿಕೊಳ್ಳೋಣವೆಂದೆ. ಚರ್ಚೆ ದೀರ್ಘವಾಗಿ ನಡೆದು, ಕೊನೆಗೆ ಅರ್ಧ ಕಂತು ಸಭೆಯ ವಾರ್ಷಿಕ ಆಯವ್ಯಯದಲ್ಲಿ ಪ್ರತ್ಯೇಕ ಬಾಬ್ತಾಗಿ ಸೇರಿತು. ನನ್ನ ನಂತರ ಬರುವವರಿಗೂ ಅದು ಸಲ್ಲುವಂತೆ ನಡಾವಳಿ ಪುಸ್ತಕದಲ್ಲಿ ನನ್ನ ಹೆಸರಿನ ಬದಲು "ಸೇವೆಯಲ್ಲಿರುವ ಸಭಾಪಾಲಕರು" ಎಂದು ಬರೆಸಿದೆವು.

ಇನ್ನು ನಾಮನಿರ್ದೇಶನದ ವಿಷಯ. ಸಭಾಪಾಲಕನು ತೀರಿಕೊಂಡರೆ ಹೆಂಡತಿ ಮಕ್ಕಳು ಗಂಡನನ್ನೂ ತಂದೆಯನ್ನೂ ಮಾತ್ರವಲ್ಲ, ಮನೆಯನ್ನೂ ಕಳೆದುಕೊಳ್ಳುತ್ತಾರೆ. ಆ ಮನೆ ಸಭೆಯದು, ಮುಂದಿನವರಿಗೆ ತೆರವಾಗಬೇಕು. ಅವರು ಬಾಡಿಗೆ ಮನೆ ಹುಡುಕುವಷ್ಟಾದರೂ ಹಣ ತಡವಿಲ್ಲದೆ ಸಿಗಬೇಕು. ಅದಕ್ಕಾಗಿ ಕ್ಷೇಮನಿಧಿ, ಬ್ಯಾಂಕ್ ಖಾತೆ, ವಿಮೆ ಎಲ್ಲದರಲ್ಲಿಯೂ ಪತ್ನಿಯ ಹೆಸರಿದೆಯೇ ಎಂದು ಒಂದೊಂದಾಗಿ ಪರಿಶೀಲಿಸಿದೆ. ಅವಿವಾಹಿತರಾಗಿ ಸೇವೆಗೆ ಸೇರಿದವರ ಕಾಗದಗಳಲ್ಲಿ ತಂದೆಯ ಹೆಸರೇ ಉಳಿದಿರುವುದು ಸಾಮಾನ್ಯ. ಬ್ಯಾಂಕಿನಲ್ಲಿಯೇ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಜೀವನ ಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿ ಕಟ್ಟಿದ್ದೇವೆ. ಮೊದಲನೆಯದು ಅಪಘಾತದಿಂದ ಮರಣವಾದರೆ, ಎರಡನೆಯದು ಯಾವ ಕಾರಣದಿಂದಾದರೂ, ತಲಾ 2 ಲಕ್ಷ ಕೊಡುತ್ತದೆ. ಎರಡನೆಯದಕ್ಕೆ ಸೇರಲು 50 ವರ್ಷದ ಮಿತಿಯಿದೆ, ಮುಂದೂಡುವಂತಿಲ್ಲ.

ಎಲ್ಲ ಕಾರ್ಡುಗಳ ಪ್ರತಿ, ಪಾಲಿಸಿ ಸಂಖ್ಯೆ, ಆಸ್ಪತ್ರೆಗಳ ಪಟ್ಟಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿವೆ. ಅದರ ಒಂದು ನಕಲು ಖಜಾಂಚಿಯವರ ಬಳಿಯೂ ಇದೆ, ಏಕೆಂದರೆ ನಾನು ದೂರದ ತೋಟದಲ್ಲಿ ಮನೆಪ್ರಾರ್ಥನೆಗೆ ಹೋಗಿದ್ದಾಗ ಅಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ನಿವೃತ್ತ ಸಭಾಪಾಲಕರ ಮತ್ತು ಸಭಾಪಾಲಕರ ವಿಧವೆಯರ ಕಂತಿಗೂ ಸಭೆಯಿಂದ ಪಾಲು ದೊರೆಯಬೇಕೆಂಬ ಕೋರಿಕೆಯನ್ನು ಬರವಣಿಗೆಯಲ್ಲಿ ಕೊಟ್ಟಿದ್ದೇನೆ. ಮುಂದಿನ ಆಯವ್ಯಯದ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.