ಹೊಡೆದರೆ ಮಾತ್ರ ಹಿಂಸೆಯಲ್ಲ: ಕಾಸರಗೋಡಿಗೆ ಹೊಸದಾಗಿ ಬಂದವರು ತಿಳಿದಿರಬೇಕಾದ್ದು

ಸುಳ್ಯ, ಪುತ್ತೂರು, ಬಂಟ್ವಾಳ ಕಡೆಯಿಂದ ಮದುವೆಯಾಗಿ ಕಾಸರಗೋಡಿಗೆ ಬರುವ ಹೆಣ್ಣುಮಕ್ಕಳಿದ್ದಾರೆ. ಕಟ್ಟಡ ಕೆಲಸಕ್ಕೋ ಕೆಂಪುಕಲ್ಲಿನ ಕೋರೆಗೋ ಬಂದು ಕ್ವಾರ್ಟರ್ಸಿನಲ್ಲಿ ಬಾಡಿಗೆಗಿರುವ ಉತ್ತರ ಕರ್ನಾಟಕದ ಕುಟುಂಬಗಳಿವೆ. ಮನೆಯೊಳಗೆ ಉಪದ್ರ ಶುರುವಾದರೆ ಇವರೆಲ್ಲ ಕೇಳುವುದು ಎರಡೇ ಪ್ರಶ್ನೆ: ಕೈ ಮಾಡಿಲ್ಲವಲ್ಲ, ಇದು ಹಿಂಸೆ ಅಂತ ಆಗುತ್ತದಾ? ದೂರು ಕೊಡುವುದು ಕೇರಳದಲ್ಲೋ ಕರ್ನಾಟಕದಲ್ಲೋ?

ಮೊದಲನೆಯದಕ್ಕೆ ಉತ್ತರ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಮೂರನೇ ಸೆಕ್ಷನ್ನಿನಲ್ಲಿದೆ. ಅದು ನಾಲ್ಕು ಬಗೆ ಹೇಳುತ್ತದೆ: ದೈಹಿಕ, ಲೈಂಗಿಕ, ಮಾತಿನದ್ದು ಮತ್ತು ಮನಸ್ಸಿನದ್ದು, ಆರ್ಥಿಕ. ಹೊಡೆತ, ಬಲವಂತ ಎಲ್ಲರಿಗೂ ಅರ್ಥವಾಗುತ್ತದೆ. ಒಂದನ್ನು ಮಾತ್ರ ಒತ್ತಿ ಹೇಳಬೇಕು. ಕುತ್ತಿಗೆ ಹಿಸುಕಿದರೆ ಹೊರಗೆ ಗುರುತೇ ಬೀಳದಿರಬಹುದು, ಒಳಗೆ ಪೆಟ್ಟಾಗಿರುತ್ತದೆ. ಸ್ವರ ಒಡೆಯುವುದು, ನುಂಗುವಾಗ ನೋವು, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ, ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಂಟೆಗಳ ನಂತರ ಉಸಿರಾಟಕ್ಕೆ ತೊಂದರೆಯಾಗುವುದುಂಟು.

ಮಾತಿನ ಹಿಂಸೆ ಎಂದರೆ ಜಗಳವಲ್ಲ. ಜಗಳದಲ್ಲಿ ಇಬ್ಬರೂ ಮಾತಾಡುತ್ತಾರೆ. ಇಲ್ಲಿ ಒಬ್ಬರು ಮಾತಾಡುವುದಕ್ಕೇ ಹೆದರಿರುತ್ತಾರೆ. ಮಕ್ಕಳಾಗಲಿಲ್ಲ, ಗಂಡು ಹುಟ್ಟಲಿಲ್ಲ ಎಂದು ಹಂಗಿಸುವುದನ್ನು ಕಾಯ್ದೆ ಹೆಸರಿಟ್ಟೇ ಹೇಳಿದೆ. ನಿಮಗೆ ಬೇಕಾದವರಿಗೆ, ಅಂದರೆ ತಮ್ಮನಿಗೋ ತಾಯಿಗೋ, ಪೆಟ್ಟು ಕೊಡುತ್ತೇನೆ ಎಂದು ಮತ್ತೆ ಮತ್ತೆ ಬೆದರಿಸುವುದೂ ಅದರಲ್ಲೇ ಬರುತ್ತದೆ. ಮಲಯಾಳ ಬಾರದ ಸೊಸೆಯ ಎದುರಿಗೇ ಅವಳ ವಿಷಯವನ್ನು ಮಲಯಾಳದಲ್ಲಿ ಆಡಿ ನಗುವುದು, ತವರಿನ ಫೋನ್ ಬಂದರೆ ಸ್ಪೀಕರ್ ಹಾಕು ಎನ್ನುವುದು, ಗಂಡನ ಫೋನಿನಲ್ಲಿ ಅವಳ ವಾಟ್ಸಾಪ್ ತೆರೆದಿಟ್ಟುಕೊಳ್ಳುವುದು: ಒಂದೊಂದನ್ನೇ ನೋಡಿದರೆ ಸಣ್ಣದು. ತಿಂಗಳುಗಟ್ಟಲೆ ನಡೆದರೆ ಅದೇ ಹಿಂಸೆ.

ಆರ್ಥಿಕ ಹಿಂಸೆಯನ್ನು ಜನ ಹೇಳುವುದೇ ಇಲ್ಲ. ಮನೆ ಖರ್ಚಿಗೆ ಕೊಡದಿರುವುದು, ಹೆಂಡತಿಯ ಕೂಲಿಯನ್ನು ಮೇಸ್ತ್ರಿಯ ಕೈಯಿಂದ ಗಂಡನೇ ತೆಗೆದುಕೊಳ್ಳುವುದು, ಎಟಿಎಂ ಕಾರ್ಡು ಕಿತ್ತಿಟ್ಟುಕೊಳ್ಳುವುದು, ಮನೆಗೆ ಬೀಗ ಹಾಕಿ ಹೊರಗೆ ನಿಲ್ಲಿಸುವುದು ಎಲ್ಲ ಇದರಲ್ಲಿದೆ. ಎಲ್ಲಕ್ಕಿಂತ ಹೆಚ್ಚು ನಡೆಯುವುದು ಚಿನ್ನದ ವಿಷಯ. ಮದುವೆಯಲ್ಲಿ ಹಾಕಿದ ಚಿನ್ನ ಸ್ತ್ರೀಧನ, ಅದು ಅವಳದ್ದೇ. ಅವಳನ್ನು ಕೇಳದೆ ಸೊಸೈಟಿಯಲ್ಲಿ ಅಡವಿಟ್ಟರೆ ತಪ್ಪು. ಇಲ್ಲಿ ತೂಕ ಹೇಳುವುದು ಪವನಿನಲ್ಲಿ, ಒಂದು ಪವನ್ ಎಂದರೆ 8 ಗ್ರಾಂ. ಯಾವ ಒಡವೆ, ಎಷ್ಟು ಪವನ್, ಬಿಲ್ಲು ಯಾರ ಹೆಸರಲ್ಲಿ, ಈಗ ಎಲ್ಲಿದೆ ಎಂದು ಪಟ್ಟಿ ಬರೆದು, ಅದನ್ನು ತೊಟ್ಟ ಮದುವೆ ಫೋಟೋ ಜೊತೆಗೆ ತವರಿನಲ್ಲಿ ಇಡಿ. ವರದಕ್ಷಿಣೆ ಕೊಟ್ಟವರ ಮೇಲೂ ಕೇಸಾಗುತ್ತದೆ ಎಂದು ಹೆದರಿಸುತ್ತಾರೆ. ತೊಂದರೆಗೊಳಗಾದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಕೇಸು ಹಾಕುವಂತಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 7ನೇ ಸೆಕ್ಷನ್ ಅವರನ್ನು ಕಾಯುತ್ತದೆ.

ಹೆಂಡತಿ ಮಾತ್ರವಲ್ಲ, ತಾಯಿ, ಅಕ್ಕತಂಗಿ, ವಿಧವೆ ಸೊಸೆ, ಮದುವೆಯಾಗದೆ ಜೊತೆಗಿರುವ ಹೆಂಗಸು ಕೂಡ ಈ ಕಾಯ್ದೆಯಡಿ ಹೋಗಬಹುದು. 2016ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅತ್ತೆ, ನಾದಿನಿಯ ಮೇಲೂ ಅರ್ಜಿ ನಿಲ್ಲುತ್ತದೆ. ಮನೆ ಮಾವನ ಹೆಸರಲ್ಲಿದೆ, ನಿನಗೆ ಹಕ್ಕಿಲ್ಲ ಎಂಬ ಮಾತೂ 2020ರ ತೀರ್ಪಿನ ಮೇಲೆ ಅಷ್ಟು ಸುಲಭವಾಗಿ ನಡೆಯುವುದಿಲ್ಲ. ವಿಚ್ಛೇದನ ಕೇಳಬೇಕೆಂದೂ ಇಲ್ಲ.

ಎಲ್ಲಿ ದೂರು ಕೊಡಬೇಕು ಎಂಬುದಕ್ಕೆ ಬರೋಣ. ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನೀವು ಇರುವಲ್ಲಿ, ತಾತ್ಕಾಲಿಕವಾಗಿ ಉಳಿದಿರುವಲ್ಲಿ, ಎದುರು ಪಕ್ಷದವರು ಇರುವಲ್ಲಿ, ಅಥವಾ ಘಟನೆ ನಡೆದಲ್ಲಿ ಅರ್ಜಿ ಹಾಕಬಹುದು. ಕುಂಬಳೆಯಲ್ಲಿ ನಡೆದದ್ದಕ್ಕೆ, ತವರಿಗೆ ಹೋಗಿದ್ದರೆ, ಪುತ್ತೂರಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಗಂಡ ಅಥವಾ ಅವನ ಮನೆಯವರ ಕ್ರೌರ್ಯಕ್ಕೆ ಪೊಲೀಸ್ ಕೇಸು ಬೇರೆ. ಮೊದಲು 498ಎ ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್, ಮೂರು ವರ್ಷದವರೆಗೆ ಶಿಕ್ಷೆ. ಮನೆ ಬಿಟ್ಟು ಬಂದು ಆಶ್ರಯ ಪಡೆದ ಊರಿನಲ್ಲೂ ಇದನ್ನು ಹಾಕಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. "ನಮ್ಮ ಲಿಮಿಟ್ಸ್ ಅಲ್ಲ" ಎಂದು ಠಾಣೆಯವರು ಕಳಿಸಿದರೆ ಝೀರೋ ಎಫ್‌ಐಆರ್ ಬರೆಯಿರಿ ಎಂದು ಕೇಳಿ; ಅದನ್ನು ಯಾವ ಠಾಣೆಯಲ್ಲೂ ಬರೆದು ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಪ್ರತಿ ಉಚಿತವಾಗಿ ಕೊಡಬೇಕು. ಆಗಲೂ ಬರೆಯದಿದ್ದರೆ ಎಸ್‌ಪಿಗೆ ಬರಹದಲ್ಲಿ ಅಂಚೆ ಮೂಲಕ ಕಳಿಸಿ.

ಕಾಸರಗೋಡಿನಲ್ಲೇ ಇದ್ದರೆ ಜಿಲ್ಲೆಯ ಮಹಿಳಾ ಸಂರಕ್ಷಣಾ ಅಧಿಕಾರಿಯ ಹತ್ತಿರ ಹೋಗಿ. ವಿದ್ಯಾನಗರದ ಸಿವಿಲ್ ಸ್ಟೇಷನಿನಲ್ಲಿ ಕೇಳಿ. ಸಿವಿಲ್ ಸ್ಟೇಷನ್ ಎಂದರೆ ಪೊಲೀಸ್ ಠಾಣೆಯಲ್ಲ, ಕರ್ನಾಟಕದಲ್ಲಿ ಡಿಸಿ ಆಫೀಸು ಎನ್ನುವ ಕಡೆ. ಅವರು ತುಂಬಿಸುವ ಫಾರ್ಮಿನ ಮೇಲೇ ಎಲ್ಲ ನಿಂತಿರುವುದು. ಅದರಲ್ಲಿ ದೈಹಿಕ, ಲೈಂಗಿಕ, ಮಾತಿನ, ಆರ್ಥಿಕ, ವರದಕ್ಷಿಣೆ ಕಿರುಕುಳ ಎಂದು ಬೇರೆ ಬೇರೆ ಕಾಲಂ ಇದೆ. ತಾರೀಕು, ಸಮಯ, ಜಾಗ, ಯಾರು ಎಂದು ಕೇಳುತ್ತದೆ. ಹೆಚ್ಚಿನವರು ಹೊಡೆತದ ಕಾಲಂ ತುಂಬಿಸಿ ಉಳಿದದ್ದನ್ನು ಖಾಲಿ ಬಿಡುತ್ತಾರೆ. ಕೇಸು ಬಡವಾಗುವುದು ಅಲ್ಲೇ. ಚಿನ್ನ, ಖರ್ಚು, ಬೆದರಿಕೆ ಬರೆಸದಿದ್ದರೆ ಮುಂದೆ ಚಿನ್ನ, ಖರ್ಚು ಕೇಳುವಾಗ ಆಧಾರ ಇರುವುದಿಲ್ಲ.

ಆದ್ದರಿಂದ ಮೊದಲೇ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ, ಕನ್ನಡದಲ್ಲೇ. "ಯಾವಾಗಲೂ ಹಿಂಸೆ ಕೊಡುತ್ತಾರೆ" ಎಂದು ಬರೆದರೆ ಏನೂ ಪ್ರಯೋಜನವಿಲ್ಲ. ಹೀಗಿರಲಿ: "12ನೇ ತಾರೀಕು, ಶುಕ್ರವಾರ, ರಾತ್ರಿ ಒಂಬತ್ತೂವರೆ, ಅಡುಗೆಕೋಣೆ. ಫೋನ್ ಕಿತ್ತು ಕಟ್ಟೆಗೆ ಬಡಿದರು. ಎಡಗೈ ತಿರುಚಿದರು. ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. ಮರುದಿನ ಆಸ್ಪತ್ರೆಗೆ ಬಿಡಲಿಲ್ಲ." ಪುಸ್ತಕ ಮನೆಯಲ್ಲಿ ಇಡುವುದು ಅಪಾಯವಾದರೆ ಪುಟದ ಫೋಟೋ ತೆಗೆದು ತಂಗಿಗೋ ಗೆಳತಿಗೋ ಕಳಿಸಿ. ಅದಕ್ಕೂ ಮೊದಲು ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ತೆರೆದು ಬೇರೆ ಯಾವ ಫೋನಿನಲ್ಲಾದರೂ ನಿಮ್ಮ ಖಾತೆ ತೆರೆದಿದೆಯೇ ನೋಡಿಕೊಳ್ಳಿ.

ಡಾಕ್ಟರ ಹತ್ತಿರ "ಬಚ್ಚಲಲ್ಲಿ ಜಾರಿ ಬಿದ್ದೆ" ಎಂದರೆ ಚೀಟಿಯಲ್ಲಿ ಅದೇ ಬರುತ್ತದೆ, ಎರಡು ವರ್ಷ ಕಳೆದು ಕೋರ್ಟಿನಲ್ಲಿ ಎದುರು ವಕೀಲರು ಓದುವುದೂ ಅದನ್ನೇ. ಯಾರು, ಯಾವುದರಿಂದ ಎಂದು ನೇರ ಹೇಳಿ, ಗಾಯದ ವಿವರ ಬರೆದ ವೂಂಡ್ ಸರ್ಟಿಫಿಕೇಟಿಗೆ ಕೇಳಿ. ಏಟಿನ ಕಲೆ ಮೊದಲ ದಿನಕ್ಕಿಂತ ಎರಡನೇ ಮೂರನೇ ದಿನ ಹೆಚ್ಚು ಕಾಣುತ್ತದೆ, ಆಗಲೂ ಫೋಟೋ ತೆಗೆಯಿರಿ. ಮುಖ ಸೇರಿಸಿ ಒಂದು, ಪಕ್ಕದಲ್ಲಿ ನಾಣ್ಯ ಇಟ್ಟು ಹತ್ತಿರದಿಂದ ಇನ್ನೊಂದು. ಬೆದರಿಕೆಯ ಮೆಸೇಜು ಬಂದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ಭಾಷೆಗೆ ಹೆದರುವ ಕಾರಣವಿಲ್ಲ, ಎಚ್ಚರ ಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸರಕಾರಿ ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಠಾಣೆಯಲ್ಲಿ ಹೇಳಿಕೆಯನ್ನು ಮಲಯಾಳದಲ್ಲಿ ಬರೆದರೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ. ಓದಿ ಹೇಳಬೇಕೆಂಬುದು ಕಾನೂನಿನಲ್ಲೇ ಇದೆ. ತರ್ಜುಮೆಗೆ ಗಂಡನ ಕಡೆಯವರನ್ನು ಕೂರಿಸಬೇಡಿ. "ಒತ್ತುತೀರ್ಪು" ಎಂದು ಒಂದು ಕಾಗದ ಮುಂದಿಟ್ಟರೆ ಅದು ರಾಜಿ ಪತ್ರ. "ದೂರು ಇಲ್ಲ" ಎಂಬ ಸಾಲು ಅದರಲ್ಲಿದ್ದರೆ ಅವಸರ ಮಾಡದೆ ವಕೀಲರಿಗೆ ತೋರಿಸಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ, ಫೋನ್ 15100.

ತುರ್ತಿಗೆ 112, ಹೆಂಗಸರಿಗೆ 181, ಮಕ್ಕಳಿಗೆ 1098, ವಯಸ್ಸಾದವರಿಗೆ 14567. ತಲಪಾಡಿ, ಪೆರ್ಲದಂಥ ಗಡಿ ಊರಿನಿಂದ ಮಾಡುವಾಗ ಹೆಸರಿಗಿಂತ ಮೊದಲು ಜಿಲ್ಲೆ, ಪಂಚಾಯತು ಹೇಳಿ; ಕರೆ ಆಚೆ ರಾಜ್ಯಕ್ಕೆ ಹೋದರೂ ಹೊತ್ತು ಹಾಳಾಗುವುದಿಲ್ಲ. ಹೆಂಗಸರ, ಮಕ್ಕಳ ದೂರು ಕೇಳುವ ವಾರ್ಡಿನ ಜಾಗ್ರತಾ ಸಮಿತಿಯೂ ಇದೆ, ಅಂಗನವಾಡಿ ಟೀಚರಲ್ಲಿ ಕೇಳಬಹುದು. ಆದರೆ ಅಲ್ಲಿ ಕೂತವರು ನೆರೆಕರೆಯವರೇ. ಗುಟ್ಟಾಗಿರಬೇಕಾದ ವಿಷಯವಾದರೆ ನೇರ ವಿದ್ಯಾನಗರಕ್ಕೆ ಹೋಗುವುದೇ ಒಳ್ಳೆಯದು.

ಮಕ್ಕಳ ವಿಷಯದಲ್ಲಿ ರಾಜಿಗೆ ಜಾಗವೇ ಇಲ್ಲ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆಯೆಂದು ಗೊತ್ತಿದ್ದೂ ತಿಳಿಸದಿದ್ದರೆ, 2012ರ ಪೋಕ್ಸೋ ಕಾಯ್ದೆಯಡಿ, ಸುಮ್ಮನಿದ್ದವರಿಗೇ ಆರು ತಿಂಗಳವರೆಗೆ ಜೈಲು. ಮಗುವಿಗೆ ಬಾರದ ಭಾಷೆಯಲ್ಲಿ ಬರೆಯುವುದಾದರೆ ದುಭಾಷಿಯನ್ನು ಕೊಡಲೇಬೇಕು. ಹೇಳಿಕೆ ಪಡೆಯುವ ಪೊಲೀಸರು ಯೂನಿಫಾರ್ಮಿನಲ್ಲಿ ಇರುವಂತಿಲ್ಲ. ಮಗುವಿನ ಹೆಸರನ್ನೋ ಫೋಟೋವನ್ನೋ ಊರಿನ ವಾಟ್ಸಾಪ್ ಗುಂಪಿಗೆ ಹಾಕುವುದು ಅನುಕಂಪವಲ್ಲ, ಅಪರಾಧ.

ವಯಸ್ಸಾದವರ ಮೇಲಿನ ಹಿಂಸೆ ಇಲ್ಲಿ ಹೆಚ್ಚಾಗಿ ಅಡಿಕೆ ತೋಟದ ದಾನಪತ್ರದ ಹಿಂದೆಯೇ ಬರುತ್ತದೆ: ಊಟ ತಡ, ಔಷಧಿ ತರದಿರುವುದು, ಕೋಣೆ ಬದಲು. "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತು ಪತ್ರದಲ್ಲಿ ಬರೆದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ನಿನಡಿ ಅದನ್ನು ರದ್ದು ಮಾಡಿಸುವುದು ಸುಲಭ. ರಿಜಿಸ್ಟ್ರಿಗೆ ಮೊದಲೇ ಆ ಸಾಲು ಸೇರಿಸಿ. ಅರ್ಜಿ ಆರ್‌ಡಿಒ ಕಚೇರಿಗೆ (ಕರ್ನಾಟಕದಲ್ಲಿ ಎಸಿ ಆಫೀಸು ಎನ್ನುವಂಥದ್ದು), ಕಾಸರಗೋಡು ಅಥವಾ ಕಾಞಂಗಾಡಿಗೆ. ಗಂಡಸರೂ ಹಾಕಬಹುದು.

ಕೌಟುಂಬಿಕ ದೌರ್ಜನ್ಯದ ಅರ್ಜಿಗೆ ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದಲ್ಲಿ ತೀರ್ಮಾನ ಎಂದು ಕಾಯ್ದೆ ಹೇಳುತ್ತದೆ. ನಡೆಯುವಾಗ ಎಳೆಯುತ್ತದೆ, ಆದ್ದರಿಂದ ಮಧ್ಯಂತರ ಆದೇಶವನ್ನು, ಅಂದರೆ ಕೊನೆಯ ತೀರ್ಮಾನಕ್ಕೆ ಮೊದಲೇ ಸಿಗುವ ಆದೇಶವನ್ನು, ಮೊದಲ ದಿನವೇ ಕೇಳಿಸಿ. ಆದೇಶ ಸಿಕ್ಕಿದ ಮೇಲೆ ದೃಢೀಕೃತ ಪ್ರತಿ ಒಂದನ್ನು ಹತ್ತಿರದ ಠಾಣೆಗೆ ಕೊಟ್ಟು ಕೈಬರಹದ ರಶೀದಿ ತೆಗೆದುಕೊಳ್ಳಿ. ಸಂರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅದು ಜಾಮೀನಿಲ್ಲದ ಅಪರಾಧ. ಆದೇಶದ ಫೋಟೋ ಫೋನಿನಲ್ಲಿರಲಿ, 112ಕ್ಕೆ ಕರೆ ಮಾಡಿದಾಗ ಬಂದ ಪೊಲೀಸರಿಗೆ ಮೊದಲು ತೋರಿಸುವುದು ಅದನ್ನೇ.